ನಾಳೆಯ ನಷ್ಟಕ್ಕೆ ಇಂದಿನ ಬೆಲೆ

ಅರವತ್ತು ದಾಟಿದ ರೈತನೊಬ್ಬನು ತನ್ನ ಹಿತ್ತಿಲಿನಲ್ಲಿ ಹಲಸಿನ ಸಸಿಯೊಂದನ್ನು ನೆಡುತ್ತಾನೆ. ಬೀಜದಿಂದ ಎದ್ದ ಸಸಿ ಕಾಯಿ ಬಿಡುವುದಕ್ಕೆ ಏಳೆಂಟು ವರ್ಷಗಳಾದರೂ ಬೇಕು; ಅದರ ಕಾಂಡ ಬಲಿತು ಬಾಗಿಲಿಗೋ ತೊಲೆಗೋ ಒದಗುವ ಹೊತ್ತಿಗೆ ನೆಟ್ಟವನು ಇರುವುದಿಲ್ಲ. ಈಗ ಲೆಕ್ಕ ಬಲ್ಲ ಗೆಳೆಯನೊಬ್ಬನು ಬಂದು, "ಐವತ್ತು ವರ್ಷಗಳ ಅನಂತರ ಈ ಮರಕ್ಕೆ 50,000 ರೂಪಾಯಿ ಬರುತ್ತದೆಂದೇ ಇಟ್ಟುಕೋ. ಶೇಕಡಾ 8ರ ಚಕ್ರಬಡ್ಡಿಗೆ ಇಂದು 1,066 ರೂಪಾಯಿ ಹಾಕಿದರೆ ಅಷ್ಟೇ ಹಣ ಆಗ ಕೈಸೇರುತ್ತದೆ. ಬೇಲಿಗೂ ನೀರಿಗೂ ಅದಕ್ಕಿಂತ ಹೆಚ್ಚು ಖರ್ಚಾಗುವುದಾದರೆ ನೆಡುವುದು ದಂಡ" ಎನ್ನುತ್ತಾನೆ. ಹಣ ಬರುವುದು ನೂರು ವರ್ಷಗಳ ಮೇಲೆ ಎಂದಾದರಂತೂ, ಅದೇ ಲೆಕ್ಕದಂತೆ ಇಂದು ವೆಚ್ಚಮಾಡಬಹುದಾದದ್ದು 23 ರೂಪಾಯಿಯನ್ನೂ ಮುಟ್ಟುವುದಿಲ್ಲ.

ರೈತನು ಇದನ್ನೆಲ್ಲ ಕೇಳಿಯೂ ಸಸಿ ನೆಡುತ್ತಾನೆ. ಗೆಳೆಯನ ಗಣಿತದಲ್ಲಿ ತಪ್ಪಿಲ್ಲ. ರೈತನ ನಡತೆಯೂ ಅವಿವೇಕವೆಂದು ನಮಗೆ ತೋರುವುದಿಲ್ಲ. ಹಾಗಾದರೆ ಇವರಿಬ್ಬರ ನಡುವಣ ಭೇದ ಎಲ್ಲಿದೆ? ಇದು ಕೇವಲ ಒಂದು ಹಿತ್ತಿಲಿನ ಪ್ರಶ್ನೆಯಾಗಿದ್ದರೆ ಇಲ್ಲಿ ಎತ್ತುವ ಅಗತ್ಯವಿರಲಿಲ್ಲ. ಆದರೆ ಇಡೀ ಭೂಮಿಯ ವಾಯುಗುಣವನ್ನು ಕಾಪಾಡುವುದಕ್ಕೆ ಇಂದಿನ ಜನ ಎಷ್ಟು ವೆಚ್ಚಮಾಡಬೇಕೆಂಬ ಮಹಾಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಕೊಡುತ್ತಿರುವ ಉತ್ತರಗಳು ಬಹುಮಟ್ಟಿಗೆ ಇದೇ ಭೇದದ ಮೇಲೆ ನಿಂತಿವೆ.

ನಾವು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವವರು. ಅರ್ಥಶಾಸ್ತ್ರದ ಅಂಗಳಕ್ಕೆ ಕಾಲಿಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಉತ್ತರವನ್ನು ತಂದೊಪ್ಪಿಸಿದಾಗ ನಾವು ಕೇಳುವ ಮೊದಲ ಪ್ರಶ್ನೆ, "ಇದರಲ್ಲಿ ನೀನು ಅಳೆದದ್ದು ಎಷ್ಟು, ಊಹಿಸಿದ್ದು ಎಷ್ಟು?" ಎಂಬುದು. ಅದೇ ಪ್ರಶ್ನೆಯನ್ನು ಈ ಲೆಕ್ಕಗಳ ಮುಂದೆಯೂ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಒಂದು ಟನ್ನು, ಹಲವು ಬೆಲೆ

ಕಲ್ಲಿದ್ದಲನ್ನೋ ಎಣ್ಣೆಯನ್ನೋ ಉರಿಸಿ ಒಂದು ಟನ್ನು ಇಂಗಾಲದ ಡಯಾಕ್ಸೈಡನ್ನು ವಾಯುಮಂಡಲಕ್ಕೆ ಬಿಟ್ಟೆವೆನ್ನೋಣ. ಅದರಿಂದ ಮುಂದಿನ ಎಲ್ಲ ವರ್ಷಗಳಲ್ಲಿ ಬೆಳೆಗೆ, ಕಡಲತೀರಕ್ಕೆ, ಆರೋಗ್ಯಕ್ಕೆ, ದುಡಿಮೆಗೆ ಆಗುವ ಹಾನಿಯನ್ನೆಲ್ಲ ಕೂಡಿ ಇಂದಿನ ಹಣದಲ್ಲಿ ಹೇಳಿದರೆ ಬರುವ ಮೊತ್ತಕ್ಕೆ 'ಇಂಗಾಲದ ಸಾಮಾಜಿಕ ವೆಚ್ಚ' ಎಂದು ಹೆಸರು. ಮೋಟಾರು ವಾಹನಗಳು ಎಷ್ಟು ಮಿತವಾಗಿ ಇಂಧನ ಉರಿಸಬೇಕು, ವಿದ್ಯುದಾಗಾರಗಳ ಹೊಗೆಗೆ ಎಷ್ಟು ಕಡಿವಾಣ ಹಾಕಬೇಕು ಎಂಬಂತಹ ನಿಯಮಗಳ ಲಾಭ-ನಷ್ಟಗಳನ್ನು ತೂಗುವಾಗ ಅಮೆರಿಕದ ಸರ್ಕಾರ ಈ ಅಂಕಿಯನ್ನು ಬಳಸುತ್ತ ಬಂದಿತು.

ಆ ಅಂಕಿಯ ಚರಿತ್ರೆ ಸ್ವಾರಸ್ಯಕರವಾಗಿದೆ. 2010ರಲ್ಲಿ ಒಂದು ಟನ್ನಿನ ಬೆಲೆ 21 ಡಾಲರು ಎಂದು ಗೊತ್ತುಮಾಡಿದರು. 2017ರಲ್ಲಿ ಆಡಳಿತ ಬದಲಾದ ಮೇಲೆ ಅದು 1ರಿಂದ 7 ಡಾಲರಿಗೆ ಇಳಿಯಿತು. 2021ರಲ್ಲಿ ಮತ್ತೊಂದು ಆಡಳಿತ ಅದನ್ನು 51 ಡಾಲರಿಗೆ ಏರಿಸಿತು. 2023ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆ 190 ಡಾಲರು ಎಂದಿತು. 2025ರ ಜನವರಿಯಲ್ಲಿ, ಈ ಲೆಕ್ಕಕ್ಕಾಗಿ ಏರ್ಪಟ್ಟಿದ್ದ ಸಮಿತಿಯನ್ನೇ ವಿಸರ್ಜಿಸಲಾಯಿತು.

ಬೆಳಕಿನ ವೇಗವನ್ನು ಒಬ್ಬ ಪ್ರಯೋಗಕಾರ 1 ಎಂದೂ ಇನ್ನೊಬ್ಬ 190 ಎಂದೂ ಹೇಳಿದರೆ ನಾವು ಉಪಕರಣವನ್ನೇ ಸಂಶಯಿಸುತ್ತೇವೆ. ಈ ಹದಿಮೂರು ವರ್ಷಗಳಲ್ಲಿ ಇಂಗಾಲದ ಡಯಾಕ್ಸೈಡಿನ ಅಣು ತನ್ನ ಗುಣವನ್ನು ಬದಲಿಸಲಿಲ್ಲ. ಬದಲಾದದ್ದು ಏನು? ಇದನ್ನು ತಿಳಿಯಬೇಕಾದರೆ ಲೆಕ್ಕದ ಒಳಗನ್ನು ಬಿಚ್ಚಿ ನೋಡಬೇಕು.

ನಾಲ್ಕು ಕೊಂಡಿಗಳ ಸರಪಣಿ

ಇಂತಹ ಲೆಕ್ಕ ನಾಲ್ಕು ಕೊಂಡಿಗಳ ಸರಪಣಿ. ಜನ ಎಷ್ಟು ಇಂಧನ ಉರಿಸುವರೆಂಬುದು ಮೊದಲನೆಯದು. ಅದರಿಂದ ಭೂಮಿಯ ಉಷ್ಣತೆ ಎಷ್ಟು ಏರುವುದೆಂಬುದು ಎರಡನೆಯದು. ಆ ಏರಿಕೆಯಿಂದ ಎಷ್ಟು ನಷ್ಟವಾಗುವುದೆಂಬುದು ಮೂರನೆಯದು. ಮುಂದೆಂದೋ ಆಗುವ ಆ ನಷ್ಟಕ್ಕೆ ಇಂದಿನ ಬೆಲೆ ಎಷ್ಟೆಂಬುದು ನಾಲ್ಕನೆಯದು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವಿಲಿಯಂ ನೋರ್ಡ್‌ಹೌಸ್ ಅವರು ಈ ನಾಲ್ಕನ್ನೂ ಒಂದೇ ಸಮೀಕರಣಸಮೂಹದಲ್ಲಿ ಹೊಂದಿಸಿ 'ಡೈಸ್' ಎಂಬ ಮಾದರಿಯನ್ನು ಕಟ್ಟಿದರು. 2018ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆತದ್ದು ಈ ಬಗೆಯ ಕೆಲಸಕ್ಕಾಗಿಯೇ.

ನಾಲ್ಕರಲ್ಲಿ ಗಟ್ಟಿಯಾದದ್ದು ಎರಡನೆಯ ಕೊಂಡಿ. ಇಂಗಾಲದ ಡಯಾಕ್ಸೈಡು ಹೆಚ್ಚಿದರೆ ಭೂಮಿ ಬೆಚ್ಚಗಾಗುವುದೆಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿಯೇ ಲೆಕ್ಕಹಾಕಿದ್ದರು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲದ ಅಣುಗಳು ಸುಮಾರು 315 ಇದ್ದವು. 2024ರ ಸರಾಸರಿ 420ನ್ನು ದಾಟಿತ್ತು. ಇದರ ಪ್ರಮಾಣ ಇಮ್ಮಡಿಯಾದರೆ ಉಷ್ಣತೆ ಕಟ್ಟಕಡೆಗೆ ಸುಮಾರು 3 ಡಿಗ್ರಿ ಏರುವುದೆಂದೂ, 2.5ರಿಂದ 4ರವರೆಗಿನ ಯಾವ ಬೆಲೆಯೂ ಸಂಭಾವ್ಯವೆಂದೂ ಐ.ಪಿ.ಸಿ.ಸಿ. ಎಂದು ಹೆಸರಾದ ಅಂತರಸರ್ಕಾರಿ ಮಂಡಲಿಯ 2021ರ ವರದಿ ಹೇಳುತ್ತದೆ. ಇಲ್ಲಿ ಅನಿಶ್ಚಯವಿದೆ, ಆದರೆ ಅದು 1ಕ್ಕೂ 190ಕ್ಕೂ ಇರುವಷ್ಟು ಅಂತರವಲ್ಲ. ಆದುದರಿಂದ ನಾವು ಮೂರನೆಯ ಮತ್ತು ನಾಲ್ಕನೆಯ ಕೊಂಡಿಗಳ ಕಡೆಗೆ ತಿರುಗಬೇಕು. ಕೊನೆಯದನ್ನೇ ಮೊದಲು ನೋಡೋಣ.

ವಟಾವಿನ ಅರ್ಧಾಯು

ಅವಧಿಗೆ ಮೊದಲೇ ಹುಂಡಿಯ ಹಣ ಬೇಕಾದವನಿಗೆ ಸಾಹುಕಾರನು ಉಳಿದ ಕಾಲದ ಬಡ್ಡಿಯನ್ನು ಮುರಿದುಕೊಂಡು ಕೊಡುವ ಪದ್ಧತಿ ಹಳೆಯದು. ಹಾಗೆ ಮುರಿದುಕೊಳ್ಳುವುದಕ್ಕೆ ವಟಾವು ಎನ್ನುತ್ತಾರೆ. ಅರ್ಥಶಾಸ್ತ್ರಜ್ಞರು ಮುಂದಿನ ನಷ್ಟವನ್ನು ಇಂದಿನ ಬೆಲೆಗೆ ಇಳಿಸುವುದೂ ಹೀಗೆಯೇ. ವರ್ಷಕ್ಕೆ ಶೇಕಡಾ ಇಷ್ಟು ಎಂಬ ದರದಲ್ಲಿ, ದೂರದ ವರ್ಷಗಳ ನಷ್ಟವನ್ನು ಕುಗ್ಗಿಸುತ್ತ ಬರುತ್ತಾರೆ.

ಭೌತಶಾಸ್ತ್ರದ ವಿದ್ಯಾರ್ಥಿಗೆ ಈ ಸೂತ್ರ ಪರಿಚಿತವಾದದ್ದೇ. ವಿಕಿರಣಶೀಲ ಪರಮಾಣುಗಳು ಕ್ಷಯಿಸುವುದೂ ಇದೇ ರೀತಿಯಲ್ಲಿ. ಒಂದು ಗೊತ್ತಾದ ಕಾಲ ಕಳೆದರೆ ಅರ್ಧ ಉಳಿಯುತ್ತದೆ, ಮತ್ತೆ ಅಷ್ಟು ಕಾಲ ಕಳೆದರೆ ಕಾಲು, ಮತ್ತೆ ಅರೆಕಾಲು. ಅಂದಮೇಲೆ ಪ್ರತಿಯೊಂದು ವಟಾವಿನ ದರಕ್ಕೂ ಒಂದು ಅರ್ಧಾಯು ಇದೆ. ದರ ಶೇಕಡಾ 1.4 ಆದರೆ ಅರ್ಧಾಯು ಸುಮಾರು 50 ವರ್ಷ, ಶೇಕಡಾ 5.5 ಆದರೆ ಸುಮಾರು 13 ವರ್ಷ; ಶೇಕಡಾ 7 ಆದರೆ ಹತ್ತು ವರ್ಷಕ್ಕೆ ತುಸು ಹೆಚ್ಚು.

ಈ ಅಂಕಿಗಳನ್ನು ನಾವು ಸುಮ್ಮನೆ ಆಯ್ದುಕೊಳ್ಳಲಿಲ್ಲ. 2006ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರ್ಕಾರಕ್ಕಾಗಿ ನಿಕೊಲಾಸ್ ಸ್ಟರ್ನ್ ಅವರು ಸುಮಾರು 700 ಪುಟಗಳ ವರದಿಯೊಂದನ್ನು ಪ್ರಕಟಿಸಿದರು. ಏನನ್ನೂ ಮಾಡದೆ ಕುಳಿತರೆ ಜಗತ್ತು ತನ್ನ ಉತ್ಪನ್ನದಲ್ಲಿ ಶೇಕಡಾ 5ರಷ್ಟನ್ನಾದರೂ ಪ್ರತಿವರ್ಷ, ಎಂದೆಂದಿಗೂ, ಕಳೆದುಕೊಂಡಂತಾಗುವುದು. ಎಲ್ಲ ಬಗೆಯ ಹಾನಿಯನ್ನೂ ಸೇರಿಸಿದರೆ ಅದು ಶೇಕಡಾ 20ನ್ನು ಮುಟ್ಟಬಹುದು. ತಡೆಯುವುದಕ್ಕಾದರೋ ವರ್ಷಕ್ಕೆ ಶೇಕಡಾ 1ರಷ್ಟು ಸಾಕು. ಇದು ಆ ವರದಿಯ ಸಾರ. ಒಂದು ಟನ್ನಿನ ಹಾನಿಯನ್ನು ಅವರು 85 ಡಾಲರು ಎಂದು ಕಟ್ಟಿದರು. ನೋರ್ಡ್‌ಹೌಸ್ ಅವರ ಅಂದಿನ ಲೆಕ್ಕದಲ್ಲಿ ಅದು ಸುಮಾರು 8 ಡಾಲರು. ಇಬ್ಬರೂ ವಾಯುಗುಣ ವಿಜ್ಞಾನವನ್ನು ಒಪ್ಪಿದವರು, ಇಬ್ಬರೂ ನುರಿತ ಗಣಿತಜ್ಞರು. ಹೀಗಿದ್ದೂ ಒಬ್ಬರು 'ಕೂಡಲೇ, ಬಲವಾಗಿ' ಎಂದರು. ಇನ್ನೊಬ್ಬರು 'ಮೆಲ್ಲಗೆ ಆರಂಭಿಸಿ, ಬರಬರುತ್ತ ಬಿಗಿಮಾಡಿ' ಎಂದರು.

ಸ್ಟರ್ನ್ ಅವರ ವಟಾವಿನ ದರ ಶೇಕಡಾ 1.4, ನೋರ್ಡ್‌ಹೌಸ್ ಅವರದು ಸುಮಾರು 5.5. ನೂರು ವರ್ಷಗಳ ಅನಂತರದ 100 ರೂಪಾಯಿ ನಷ್ಟ ಮೊದಲನೆಯವರ ಪುಸ್ತಕದಲ್ಲಿ ಇಂದಿನ 25 ರೂಪಾಯಿ. ಎರಡನೆಯವರ ಪುಸ್ತಕದಲ್ಲಿ 47 ಪೈಸೆ. ಐವತ್ತು ಪಟ್ಟಿಗೂ ಮೀರಿದ ಅಂತರ! ಇಬ್ಬರ ಲೆಕ್ಕಗಳಲ್ಲಿ ಬೇರೆ ವ್ಯತ್ಯಾಸಗಳೂ ಇವೆ. ಆದರೆ ಈ ಒಂದು ಅಂಕಿಯನ್ನು ಅದಲುಬದಲು ಮಾಡಿದರೆ ಉತ್ತರಗಳೂ ಬಹುಮಟ್ಟಿಗೆ ಅದಲುಬದಲಾಗುತ್ತವೆ ಎಂಬುದನ್ನು ಸ್ವತಃ ನೋರ್ಡ್‌ಹೌಸ್ ಅವರೇ 2007ರ ತಮ್ಮ ವಿಮರ್ಶೆಯಲ್ಲಿ ತೋರಿಸಿದರು. ಅಮೆರಿಕದ ಸರ್ಕಾರೀ ಬೆಲೆ 190ಕ್ಕೆ ಏರಿದಾಗ ಬಳಸಿದ ದರ ಶೇಕಡಾ 2. 1 ಡಾಲರಿಗೆ ಇಳಿದಾಗ ಬಳಸಿದ್ದು 7. ಆಗ ಇನ್ನೊಂದು ಕೆಲಸವನ್ನೂ ಮಾಡಿದ್ದರು: ತಮ್ಮ ದೇಶದ ಗಡಿಯ ಒಳಗೆ ಆಗುವ ಹಾನಿಯನ್ನು ಮಾತ್ರ ಎಣಿಸಿದ್ದರು.

ಈಗ ವಾಯುಮಂಡಲದ ಅರ್ಧಾಯುವನ್ನು ನೋಡಿ. ನಾವು ಬಿಟ್ಟ ಇಂಗಾಲದ ಡಯಾಕ್ಸೈಡಿನಲ್ಲಿ ಒಂದಂಶವನ್ನು ಗಿಡಮರಗಳೂ ಸಮುದ್ರವೂ ಬೇಗನೆ ಹೀರಿಕೊಳ್ಳುತ್ತವೆ. ಆದರೆ ಶೇಕಡಾ 15ರಿಂದ 40ರಷ್ಟು ಅಂಶ ಸಾವಿರ ವರ್ಷಗಳ ಮೇಲೂ ಗಾಳಿಯಲ್ಲಿಯೇ ಉಳಿದಿರುತ್ತದೆ. ಹದಿಮೂರು ವರ್ಷಕ್ಕೆ ಅರ್ಧವನ್ನು ಮರೆಯುವ ಲೆಕ್ಕದ ಪುಸ್ತಕದಿಂದ, ಸಹಸ್ರ ವರ್ಷ ನೆನಪಿಟ್ಟುಕೊಳ್ಳುವ ಗಾಳಿಯನ್ನು ಅಳೆಯುತ್ತಿದ್ದೇವೆ. ಇಕ್ಕಟ್ಟಿನ ಮೂಲ ಇಲ್ಲಿದೆ.

ದರದ ಒಳಗೆ ಏನಿದೆ?

ಹಾಗಿದ್ದರೆ ದೊಡ್ಡ ದರ ಬಳಸುವವರೆಲ್ಲ ಮುಂದಿನವರ ವಿಷಯದಲ್ಲಿ ನಿಷ್ಕರುಣಿಗಳೆಂದು ತೀರ್ಮಾನಿಸಬಹುದೇ? ಅದು ಅವಸರದ ಮಾತಾದೀತು. ವಟಾವಿನ ದರದಲ್ಲಿ ಎರಡು ಬೇರೆ ಬೇರೆ ವಿಚಾರಗಳು ಕೂಡಿಕೊಂಡಿವೆ. ಕೇಂಬ್ರಿಜ್ಜಿನ ಫ್ರಾಂಕ್ ರಾಮ್ಸೆ ಅವರು 1928ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದುಬಂದ ಸೂತ್ರ ಅವನ್ನು ಬಿಡಿಸಿ ತೋರಿಸುತ್ತದೆ.

ಮೊದಲನೆಯದು, ಮುಂದಿನವರು ನಮಗಿಂತ ಅನುಕೂಲಸ್ಥರಾಗಿರುವರೆಂಬ ನಿರೀಕ್ಷೆ. ಹಸಿದವನಿಗೆ ಸಿಕ್ಕ ಒಂದು ರೂಪಾಯಿ ಉಂಡವನಿಗೆ ಸಿಕ್ಕ ರೂಪಾಯಿಗಿಂತ ಹೆಚ್ಚು ಬೆಲೆಯುಳ್ಳದ್ದು. ಮೊಮ್ಮಕ್ಕಳು ನಮಗಿಂತ ಸಿರಿವಂತರಾಗುವುದಾದರೆ, ಅವರ ಒಂದು ರೂಪಾಯಿ ನಷ್ಟವನ್ನು ತಪ್ಪಿಸಲು ಬಡವರಾದ ನಾವು ಒಂದು ರೂಪಾಯಿ ತೆರಬೇಕಾಗಿಲ್ಲ. ಎರಡನೆಯದು, ಸಿರಿತನ ಬಡತನಗಳ ಮಾತೇ ಇಲ್ಲದೆ, ಮುಂದೆ ಹುಟ್ಟುವವರು ಎಂಬ ಒಂದೇ ಕಾರಣದಿಂದ ಅವರ ಸುಖದುಃಖಗಳಿಗೆ ಕಡಿಮೆ ತೂಕ ಕೊಡುವುದು.

ನೋರ್ಡ್‌ಹೌಸ್ ಅವರು ಈ ಎರಡನೆಯದಕ್ಕೆ ವರ್ಷಕ್ಕೆ ಶೇಕಡಾ 1.5 ಇಟ್ಟರು. ಹಾಗೆಂದರೆ 47 ವರ್ಷಗಳ ಅನಂತರದವನ ದುಃಖಕ್ಕೆ ಇಂದಿನವನ ದುಃಖದ ಅರ್ಧ ತೂಕ. ಸ್ಟರ್ನ್ ಅವರು ಇಟ್ಟದ್ದು 0.1 ಮಾತ್ರ; ಅದೂ ಮನುಕುಲವೇ ಅಳಿದುಹೋಗಬಹುದಾದ ಸಂಭವಕ್ಕಾಗಿ. ರಾಮ್ಸೆ ಅವರಂತೂ ಮುಂದಿನವರ ತೂಕವನ್ನು ಹೀಗೆ ಇಳಿಸುವುದು ನೀತಿಗೆ ಒಪ್ಪದ ಕೆಲಸವೆಂದೇ ಬಗೆದಿದ್ದರು.

ನೋರ್ಡ್‌ಹೌಸ್ ಪಕ್ಷದ ಸಮಾಧಾನ ಹೀಗೆ: 'ನಾವು ನೀತಿಯನ್ನು ಬೋಧಿಸುತ್ತಿಲ್ಲ. ಜನ ಹೇಗೆ ಉಳಿಸುತ್ತಾರೆ, ಬಂಡವಾಳಕ್ಕೆ ಎಷ್ಟು ಪ್ರತಿಫಲ ಬರುತ್ತದೆ ಎಂಬುದನ್ನು ಮಾರುಕಟ್ಟೆಯಲ್ಲಿ ನೋಡಿ, ಅದಕ್ಕೆ ಹೊಂದುವ ಅಂಕಿಯನ್ನು ತೆಗೆದುಕೊಂಡಿದ್ದೇವೆ. ಬೇರೆ ಉದ್ಯಮದಲ್ಲಿ ಹೂಡಿದರೆ ಶೇಕಡಾ 5.5 ಬರುವ ಹಣವನ್ನು ಶೇಕಡಾ 1.4 ಮಾತ್ರ ಬರುವಲ್ಲಿ ತೊಡಗಿಸಿದರೆ ಮೊಮ್ಮಕ್ಕಳಿಗೇ ನಷ್ಟ.' ಈ ವಾದ ಹಗುರವಾದದ್ದಲ್ಲ. ಢಾಕಾದಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಪ್ರಾಧ್ಯಾಪಕರಾದ ಪಾರ್ಥ ದಾಸಗುಪ್ತ ಅವರೂ ಸ್ಟರ್ನ್ ಲೆಕ್ಕದಲ್ಲಿ ಒಂದು ತೊಡಕನ್ನು ತೋರಿಸಿದರು. ಬಂಡವಾಳದ ಮೇಲೆ ಶೇಕಡಾ 4 ಪ್ರತಿಫಲ ಬರುವ ಸರಳ ಸಮಾಜವೊಂದು ಸ್ಟರ್ನ್ ಅವರ ಅಂಕಿಗಳನ್ನು ನಂಬಿ ನಡೆದರೆ, ಅದು ತನ್ನ ವರಮಾನದಲ್ಲಿ ಶೇಕಡಾ 97.5ನ್ನು ಮುಂದಿನವರಿಗಾಗಿ ಉಳಿಸಬೇಕಾಗುತ್ತದೆ! ಹೀಗೆ ಬದುಕುವ ಜನ ಎಲ್ಲಿಯೂ ಇಲ್ಲ.

ಆದರೆ ಮಾರುಕಟ್ಟೆಯ ವಾದದಲ್ಲಿಯೂ ಒಂದು ಬಿರುಕಿದೆ. ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರು ಇಂದು ಬದುಕಿರುವವರು, ಅವರಲ್ಲಿಯೂ ಹಣವಿರುವವರು. 2125ರಲ್ಲಿ ಬದುಕುವವನು ಅಲ್ಲಿ ಕೂಗು ಹಾಕಲಾರ. ಇದಲ್ಲದೆ, ಸಿರಿವಂತನ ರೂಪಾಯಿಗೆ ಕಡಿಮೆ ತೂಕವೆಂಬ ನ್ಯಾಯವನ್ನು ಕಾಲಕ್ಕೆ ಮಾತ್ರ ಏಕೆ ಅನ್ವಯಿಸಬೇಕು, ದೇಶಕ್ಕೂ ಅನ್ವಯಿಸಬಾರದೇಕೆ? ನೋರ್ಡ್‌ಹೌಸ್ ಅವರ ಸೂತ್ರದಲ್ಲಿರುವ ಗುಣಕ 2ನ್ನು ಇಂದಿನ ಜನರ ನಡುವೆಯೇ ಬಳಸಿ ನೋಡಿ. ಹತ್ತರಲ್ಲೊಂದು ಪಾಲು ವರಮಾನವುಳ್ಳವನ ಒಂದು ರೂಪಾಯಿ ನಷ್ಟಕ್ಕೆ ಸಿರಿವಂತನ ನಷ್ಟದ ನೂರು ಪಟ್ಟು ತೂಕ ಬರುತ್ತದೆ. ಡೈಸ್ ಮಾದರಿಯಾದರೋ ಇಡೀ ಜಗತ್ತನ್ನು ಒಂದೇ ಮನೆಯೆಂದು ಎಣಿಸುವುದರಿಂದ ಈ ತೂಕ ಅದರೊಳಗೆ ಸುಳಿಯುವುದೇ ಇಲ್ಲ. ನಾಳಿನ ಸಿರಿವಂತರಿಗಾಗಿ ಇಂದಿನ ಬಡವರು ತೆರಬೇಕೇ ಎಂದು ಕೇಳುವವರು, ಇಂದಿನ ಸಿರಿವಂತರ ಹೊಗೆಗಾಗಿ ಇಂದಿನ ಮತ್ತು ನಾಳಿನ ಬಡವರು ತೆರಬೇಕೇ ಎಂದೂ ಕೇಳಬೇಕಷ್ಟೆ.

ನಷ್ಟವನ್ನು ಅಳೆಯುವ ಕೋಲು

ಮೂರನೆಯ ಕೊಂಡಿ ಇನ್ನೂ ಸಡಿಲವಾದದ್ದು. ಉಷ್ಣತೆ ಇಷ್ಟು ಏರಿದರೆ ಉತ್ಪನ್ನದಲ್ಲಿ ಶೇಕಡಾ ಇಷ್ಟು ನಷ್ಟ ಎಂಬ ಸಂಬಂಧವನ್ನು ಯಾವ ಪ್ರಯೋಗಶಾಲೆಯಲ್ಲಿಯೂ ಪಡೆಯಲಾಗದು. 1991ರಲ್ಲಿ ನೋರ್ಡ್‌ಹೌಸ್ ಅವರು ಅಮೆರಿಕದ ಉತ್ಪನ್ನವನ್ನು ವಿಂಗಡಿಸಿ, ಅದರ ಶೇಕಡಾ 87 ಭಾಗ ವಾಯುಗುಣದ ಬದಲಾವಣೆಯಿಂದ ಹೆಚ್ಚೇನೂ ಬಾಧಿತವಾಗದ ಉದ್ಯೋಗಗಳಿಂದ ಬರುವುದೆಂದು ಎಣಿಸಿದರು. ಬೇಸಾಯದಂತೆ ಹವೆಯನ್ನು ನೆಚ್ಚಿದ ಭಾಗ ಶೇಕಡಾ 3ರ ಆಸುಪಾಸು ಮಾತ್ರ. ಆದರೆ ಬೇಸಾಯದ ಪಾಲು ಚಿಕ್ಕದಾಗಿರುವುದು ಅನ್ನ ಮುಖ್ಯವಲ್ಲವೆಂದಲ್ಲ. ಅನ್ನ ಅಲ್ಲಿ ಹೇರಳವಾಗಿಯೂ ಅಗ್ಗವಾಗಿಯೂ ಇರುವುದರಿಂದ. ಬಾವಿ ತುಂಬಿರುವಾಗ ನೀರಿಗೆ ಬೆಲೆಯಿಲ್ಲ. ನಮ್ಮ ದೇಶದಲ್ಲಂತೂ ಬೇಸಾಯ ಉತ್ಪನ್ನದಲ್ಲಿ ಐದರಲ್ಲೊಂದು ಪಾಲಿಗಿಂತ ಕಡಿಮೆಯಾದರೂ, ದುಡಿಯುವವರಲ್ಲಿ ಹತ್ತಕ್ಕೆ ನಾಲ್ವರಿಗೂ ಹೆಚ್ಚು ಜನರ ಬಾಳುವೆ ಅದನ್ನೇ ನೆಚ್ಚಿದೆ.

ಡೈಸ್ ಮಾದರಿಯ 2016ರ ಆವೃತ್ತಿಯಲ್ಲಿ ನಷ್ಟವು ಉಷ್ಣತೆಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 3 ಡಿಗ್ರಿಗೆ ನಷ್ಟ ಶೇಕಡಾ 2.1, 6 ಡಿಗ್ರಿಗೆ 8.5. ಎರಡನೆಯ ಅಂಕಿಯನ್ನು ಓದಿದಾಗ ನಮಗೆ ದಿಗ್ಭ್ರಮೆಯಾಯಿತು. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಹಿಮಯುಗ ಪರಾಕಾಷ್ಠೆಯಲ್ಲಿದ್ದಾಗ ಭೂಮಿಯ ಸರಾಸರಿ ಉಷ್ಣತೆ ಇಂದಿಗಿಂತ 5-6 ಡಿಗ್ರಿಗಳಷ್ಟೇ ಕಡಿಮೆ ಇದ್ದಿತು. ಆಗ ಕೆನಡ ದೇಶವೂ ಉತ್ತರ ಯೂರೋಪೂ ಕಿಲೋಮೀಟರುಗಟ್ಟಲೆ ದಪ್ಪದ ಮಂಜಿನ ಕೆಳಗಿದ್ದವು. ಅಷ್ಟೇ ಅಂತರದ ಬದಲಾವಣೆ ಇನ್ನೊಂದು ದಿಕ್ಕಿನಲ್ಲಿ ಆದರೆ, ಜಗತ್ತಿನ ಉತ್ಪನ್ನ ಮೂರು ನಾಲ್ಕು ವರ್ಷಗಳ ಬೆಳವಣಿಗೆಯಷ್ಟು ಮಾತ್ರ ಕುಗ್ಗುವುದೆಂದು ಸಮೀಕರಣ ಹೇಳುತ್ತದೆ! ಆಧಾರವಾದ ಅಧ್ಯಯನಗಳಲ್ಲಿ ಬಹುಪಾಲು ಸುಮಾರು 3 ಡಿಗ್ರಿಯ ಆಚೆಗೆ ಹೋಗಿರಲಿಲ್ಲ. ಸ್ಪ್ರಿಂಗೊಂದಕ್ಕೆ ಸಣ್ಣ ತೂಕಗಳನ್ನು ತೂಗುಹಾಕಿ ಪಡೆದ ನಿಯಮವನ್ನು, ಅದು ಮುರಿದುಬೀಳುವ ತೂಕಕ್ಕೂ ಹೊಂದಿಸುವ ವಿದ್ಯಾರ್ಥಿಯನ್ನು ನಾವು ಎಚ್ಚರಿಸುತ್ತೇವೆ. ಇಲ್ಲಿಯೂ ಅದೇ ಎಚ್ಚರ ಬೇಕು.

ದೊಡ್ಡ ಅಂಕಿಗಳ ಮೇಲೂ ಇದೇ ಎಚ್ಚರ ಬೇಕೆಂಬುದನ್ನು ಮರೆಯಬಾರದು. 2024ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್ ಸಂಸ್ಥೆಯ ಸಂಶೋಧಕರು, ಹಳೆಯ ಉಷ್ಣತೆಯ ಮತ್ತು ವರಮಾನದ ದಾಖಲೆಗಳನ್ನು ಹೋಲಿಸಿ, ಶತಮಾನದ ಅಂತ್ಯದ ಹೊತ್ತಿಗೆ ನಷ್ಟ ಶೇಕಡಾ 62ರಷ್ಟಾಗಬಹುದೆಂದು ಪ್ರಕಟಿಸಿದರು. ಬ್ಯಾಂಕುಗಳೂ ಸರ್ಕಾರಗಳೂ ಅದನ್ನು ಆಧಾರವಾಗಿ ಹಿಡಿದವು. ಅನಂತರ ಇತರ ಸಂಶೋಧಕರು ಪರೀಕ್ಷಿಸಲಾಗಿ, ಉಜ್ಬೇಕಿಸ್ತಾನವೆಂಬ ಒಂದೇ ದೇಶದ ದೋಷಯುಕ್ತ ಅಂಕಿಗಳನ್ನು ತೆಗೆದುಹಾಕಿದರೆ 62 ಎಂಬುದು 23ಕ್ಕೆ ಇಳಿಯುವುದೆಂದು ತಿಳಿಯಿತು. 2025ರ ಡಿಸೆಂಬರಿನಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ನಮ್ಮ ಮನಸ್ಸಿಗೆ ಒಪ್ಪುವ ಉತ್ತರವೆಂದು ಪರೀಕ್ಷೆಯಿಲ್ಲದೆ ಸ್ವೀಕರಿಸುವುದೂ, ಒಪ್ಪದೆಂದು ತಳ್ಳಿಹಾಕುವುದೂ ವಿಜ್ಞಾನದ ಮಾರ್ಗವಲ್ಲ.

ಹಣದ ಕೋಲಿನಿಂದ ಅಳೆಯಲಾಗದ ನಷ್ಟಗಳ ಮಾತು ಇನ್ನೊಂದು. 1995ರಲ್ಲಿ ಐ.ಪಿ.ಸಿ.ಸಿ.ಯ ಎರಡನೆಯ ವರದಿ ಸಿದ್ಧವಾಗುತ್ತಿದ್ದಾಗ, ಅರ್ಥಶಾಸ್ತ್ರದ ಅಧ್ಯಾಯದಲ್ಲಿ ಸಿರಿವಂತ ದೇಶದ ಒಂದು ಜೀವಕ್ಕೆ 15 ಲಕ್ಷ ಡಾಲರು, ಬಡದೇಶದ ಒಂದು ಜೀವಕ್ಕೆ ಅದರ ಹತ್ತರಲ್ಲೊಂದು ಪಾಲು ಎಂದು ಎಣಿಸಿದ್ದರು. ಜನ ತಮ್ಮ ಅಪಾಯವನ್ನು ತಗ್ಗಿಸಿಕೊಳ್ಳಲು ಎಷ್ಟು ತೆರಬಲ್ಲರೆಂಬುದರಿಂದ ಪಡೆದ ಅಂಕಿ ಅದು. ಬಡವನು ತೆರಬಲ್ಲದ್ದು ಕಡಿಮೆ, ಆದುದರಿಂದ ಅವನ ಜೀವದ ಬೆಲೆಯೂ ಕಡಿಮೆ! ಭಾರತದ ಅಂದಿನ ಪರಿಸರ ಸಚಿವರಾಗಿದ್ದ ಕಮಲ್ ನಾಥ್ ಅವರು ಇದನ್ನು ಬಲವಾಗಿ ಪ್ರತಿಭಟಿಸಿದರು. ಕೊನೆಗೆ ಸರ್ಕಾರಗಳು ಒಪ್ಪಿದ ಸಂಗ್ರಹಭಾಗ ಆ ಅಂಕಿಗಳಿಂದ ದೂರ ನಿಂತಿತು. ಗಣಿತದ ವೇಷ ತೊಟ್ಟು ಬಂದ ನೀತಿಯ ತೀರ್ಪೊಂದು ಆ ಸಲ ಎಲ್ಲರ ಕಣ್ಣಿಗೂ ಬಿದ್ದಿತು.

ಸರಾಸರಿಯ ಆಚೆ

ಹಾರ್ವರ್ಡಿನ ಮಾರ್ಟಿನ್ ವೈಟ್ಸ್‌ಮನ್ ಅವರು ಈ ವಿವಾದಕ್ಕೆ ಬೇರೊಂದು ತಿರುವು ಕೊಟ್ಟರು. ಮನೆಗೆ ಬೆಂಕಿ ವಿಮೆ ಇಳಿಸುವವನು ಸರಾಸರಿ ನಷ್ಟವನ್ನು ನೋಡುವುದಿಲ್ಲ. ಸರಾಸರಿಯನ್ನು ನೋಡಿದರೆ ವಿಮೆ ನಷ್ಟದ ಬಾಬತ್ತೇ ಸರಿ. ಅಪರೂಪವಾದರೂ ಸರ್ವನಾಶಕವಾದ ಸಂಭವಕ್ಕೆ ಅಂಜಿ ಅವನು ಹಣ ಕಟ್ಟುತ್ತಾನೆ. ಭೂಮಿಯ ಉಷ್ಣತೆ 3 ಡಿಗ್ರಿಗೆ ಬದಲಾಗಿ 5 ಅಥವಾ 6 ಡಿಗ್ರಿ ಏರುವ ಸಂಭವ ಸಣ್ಣದು, ಸೊನ್ನೆಯಲ್ಲ. ಆ ಸಂಭವದ ಬಾಲ ಬೇಗ ತೆಳುವಾಗದಿದ್ದರೆ ಇಡೀ ಲೆಕ್ಕವನ್ನು ಆಳುವುದು ಸರಾಸರಿಯಲ್ಲ, ಆ ಬಾಲವೇ. ಸ್ಟರ್ನ್ ಅವರ ತೀರ್ಮಾನ ಸರಿಯಾಗಿದ್ದರೂ ಅದಕ್ಕೆ ಕೊಟ್ಟ ಕಾರಣ ಸರಿಯಲ್ಲದಿರಬಹುದೆಂದೂ, ಹೂಡಿಕೆಗಿಂತ ಹೆಚ್ಚಾಗಿ ಇದನ್ನು ವಿಮೆಯೆಂದು ಎಣಿಸಬೇಕೆಂದೂ ಅವರು ವಾದಿಸಿದರು. ಸೇತುವೆ ಕಟ್ಟುವ ಎಂಜಿನಿಯರು ಸರಾಸರಿ ನೆರೆಗಲ್ಲ, ನೂರು ವರ್ಷಕ್ಕೊಮ್ಮೆ ಬರುವ ನೆರೆಗೆ ಕಂಬ ನಿಲ್ಲಿಸುತ್ತಾನೆಂಬುದನ್ನು ನೆನೆದರೆ ಈ ವಾದದ ಬಲ ತಿಳಿಯುತ್ತದೆ.

ಖರ್ಚಿನ ಪುಟ

ನಷ್ಟದ ಪುಟದಂತೆಯೇ ಖರ್ಚಿನ ಪುಟದಲ್ಲಿಯೂ ತಪ್ಪುಗಳಾಗಿವೆ. ಆದರೆ ಇಲ್ಲಿ ತಪ್ಪು ನಮಗೆ ಅನುಕೂಲವಾದ ದಿಕ್ಕಿನಲ್ಲಿ. 2010ರಿಂದ 2019ರವರೆಗಿನ ಅವಧಿಯಲ್ಲಿ ಸೌರವಿದ್ಯುತ್ತಿನ ವೆಚ್ಚ ಶೇಕಡಾ 85ರಷ್ಟೂ, ಗಾಳಿವಿದ್ಯುತ್ತಿನದು 55ರಷ್ಟೂ, ಲಿಥಿಯಂ ಬ್ಯಾಟರಿಗಳದು 85ರಷ್ಟೂ ಇಳಿದವೆಂದು ಐ.ಪಿ.ಸಿ.ಸಿ.ಯ 2022ರ ವರದಿ ದಾಖಲಿಸಿದೆ. ಇಷ್ಟು ಬೇಗ ಇಷ್ಟು ಇಳಿಯುವುದೆಂದು ಹಿಂದಿನ ಮಾದರಿಗಳಲ್ಲಿ ಬಹುಪಾಲು ಊಹಿಸಿರಲಿಲ್ಲ. ಮಾಡುತ್ತ ಮಾಡುತ್ತ ಕೈ ಪಳಗಿ ವೆಚ್ಚ ಇಳಿಯುವುದೆಂಬ ಸಂಗತಿಗೆ ಅವುಗಳಲ್ಲಿ ತಕ್ಕ ಸ್ಥಾನವಿರಲಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ಮಳೆ ಕೈಕೊಟ್ಟ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು, 2019ರ ವೇಳೆಗೆ 2,050 ಮೆಗಾವಾಟಿನ ಸೌರಸ್ಥಾವರ ಎದ್ದಿತು. 2006ರಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಲೆಕ್ಕ ಬಲ್ಲವರು ನಕ್ಕಿರುತ್ತಿದ್ದರು.

ಹಾಗೆಂದು ಎಲ್ಲವೂ ಅಗ್ಗವಾಗಿದೆಯೆಂದಲ್ಲ. ಉಕ್ಕು, ಸಿಮೆಂಟು, ವಿಮಾನಯಾನಗಳಲ್ಲಿ ದಾರಿ ಇನ್ನೂ ದುಬಾರಿ. ಆದರೂ 2019ರಲ್ಲಿದ್ದ ಹೊಗೆಯ ಅರ್ಧದಷ್ಟನ್ನು 2030ರ ವೇಳೆಗೆ ಟನ್ನಿಗೆ 100 ಡಾಲರಿಗೆ ಮೀರದ ಉಪಾಯಗಳಿಂದ ತಗ್ಗಿಸಬಹುದೆಂದೂ, ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗಕ್ಕೆ 20 ಡಾಲರೊಳಗಿನ ಉಪಾಯಗಳೇ ಸಾಕೆಂದೂ ಅದೇ ವರದಿ ಅಂದಾಜು ಮಾಡಿತ್ತು.

ನಂಬಬೇಕಾದದ್ದು ಯಾವುದನ್ನು?

ಈಗ ಎರಡು ಪುಟಗಳನ್ನೂ ಎದುರುಬದುರಾಗಿ ಇಟ್ಟು ನೋಡೋಣ. ಬೆಲೆ ಖಚಿತವಾಗಿ ಗೊತ್ತಾಗುವವರೆಗೆ ಏನನ್ನೂ ಮಾಡಬಾರದೆಂದು ಕೆಲವರು ಹೇಳುವುದುಂಟು. ಆದರೆ ಗೊತ್ತಿಲ್ಲವೆಂದು ಸುಮ್ಮನಿರುವುದೆಂದರೆ, ಬೆಲೆ ಸೊನ್ನೆಯೆಂದು ಖಚಿತವಾಗಿ ಹೇಳಿದಂತೆಯೇ ಆಗುತ್ತದೆ. ಮೇಲೆ ಕಂಡ ಅಂಕಿಗಳಲ್ಲಿ ಯಾವುದೂ ಸೊನ್ನೆಯಲ್ಲ. ಸ್ಟರ್ನ್, ನೋರ್ಡ್‌ಹೌಸ್, ವೈಟ್ಸ್‌ಮನ್ ಮೂವರೂ ಹೊಗೆಗೆ ಬೆಲೆ ಕಟ್ಟಬೇಕೆಂಬಲ್ಲಿ ಒಮ್ಮತದವರು; ಜಗಳವೆಲ್ಲ ಎಷ್ಟು ಮತ್ತು ಎಷ್ಟು ಬೇಗ ಎಂಬುದರಲ್ಲಿ. 2019ರಲ್ಲಿ ಅಮೆರಿಕದ 3,500ಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಇಂಗಾಲಕ್ಕೆ ತೆರಿಗೆ ಹಾಕಬೇಕೆಂಬ ಹೇಳಿಕೆಗೆ ಸಹಿ ಹಾಕಿದರು.

ಜಗಳದ ಅಂತರವೂ ಕಿರಿದಾಗುತ್ತಿದೆ. 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ವಟಾವಿನ ವಿಷಯದಲ್ಲಿ ಪರಿಣತರಾದ ಸುಮಾರು 200 ಜನರ ಪೈಕಿ ಮುಕ್ಕಾಲಿಗೂ ಹೆಚ್ಚು ಮಂದಿ ಶೇಕಡಾ 2ರ ದರವನ್ನು ಒಪ್ಪಬಹುದೆಂದರು. ಅದರ ಅರ್ಧಾಯು 35 ವರ್ಷ, ಹೆಚ್ಚು ಕಡಮೆ ಒಂದು ತಲೆಮಾರು. ಡೈಸ್ ಮಾದರಿಯೂ ತನ್ನನ್ನು ತಿದ್ದಿಕೊಂಡಿದೆ: 2016ರ ಆವೃತ್ತಿ ಈ ಶತಮಾನದ ಅಂತ್ಯಕ್ಕೆ ಸುಮಾರು 3.5 ಡಿಗ್ರಿ ಏರಿಕೆಯನ್ನು 'ಅತ್ಯುತ್ತಮ'ವೆಂದು ತೋರಿಸಿದ್ದರೆ, 2023ರ ಆವೃತ್ತಿ ಅದನ್ನು 3 ಡಿಗ್ರಿಯ ಕೆಳಕ್ಕೆ ಇಳಿಸಿತು.

ನಮ್ಮ ದೇಶದ ಅನುಭವವೂ ಇಲ್ಲಿ ಪ್ರಸ್ತುತ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸುಂಕ ಬಂದಿತು. 2016ರ ಹೊತ್ತಿಗೆ ಅದು 400 ರೂಪಾಯಿಗೆ ಏರಿತು. ಬೂದಿ ಹೆಚ್ಚಾಗಿರುವ ನಮ್ಮ ಕಲ್ಲಿದ್ದಲಿನ ಒಂದು ಟನ್ನು ಉರಿದರೆ ಸುಮಾರು ಒಂದೂವರೆ ಟನ್ನು ಇಂಗಾಲದ ಡಯಾಕ್ಸೈಡು ಹೊಮ್ಮುತ್ತದೆ. ಅಂದರೆ ಆ ಅನಿಲದ ಒಂದು ಟನ್ನಿಗೆ ಬಿದ್ದದ್ದು 267 ರೂಪಾಯಿ, ಅಂದಿನ ಲೆಕ್ಕದಲ್ಲಿ ಸುಮಾರು 4 ಡಾಲರು. ನೋರ್ಡ್‌ಹೌಸ್ ಅವರ ಹಳೆಯ 8 ಡಾಲರಿಗೂ ಅದು ಅರ್ಧ. ನಮ್ಮ ಜನರ ತಲಾ ಹೊಗೆ ಸಿರಿವಂತ ದೇಶಗಳದಕ್ಕಿಂತ ಎಷ್ಟೋ ಕಡಿಮೆಯಾದುದರಿಂದ ನಾವೇ ಮೊದಲು ತೆರಬೇಕೆಂದು ಇದರ ತಾತ್ಪರ್ಯವಲ್ಲ. ಯಾವ ಅಂಕಿಯನ್ನು ಯಾವ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಬೇಕೆಂಬುದು ನಮ್ಮ ಜನರಿಗೂ ತಿಳಿದಿರಬೇಕು, ಅಷ್ಟೆ.

ಇನ್ನು ಮುಂದೆ ಪತ್ರಿಕೆಗಳಲ್ಲಿ 'ವಾಯುಗುಣ ವ್ಯತ್ಯಯದಿಂದ ಇಷ್ಟು ಕೋಟಿ ನಷ್ಟ' ಎಂದೋ 'ಅದನ್ನು ತಡೆಯಲು ಇಷ್ಟು ಕೋಟಿ ದಂಡ' ಎಂದೋ ಓದಿದಾಗ ವಾಚಕರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಬಳಸಿದ ವಟಾವಿನ ದರ ಎಷ್ಟು, ಅದರ ಅರ್ಧಾಯು ಎಷ್ಟು? ಯಾರ ನಷ್ಟವನ್ನು ಎಣಿಸಿದ್ದಾರೆ, ಯಾರದನ್ನು ಬಿಟ್ಟಿದ್ದಾರೆ? ಅಳತೆ ನಡೆದ ಎಲ್ಲೆಯ ಆಚೆಗೆ ಸೂತ್ರವನ್ನು ಎಳೆದಿದ್ದಾರೆಯೇ? ಸರಾಸರಿಯನ್ನು ಮಾತ್ರ ಹೇಳಿ ಬಾಲವನ್ನು ಮರೆತಿದ್ದಾರೆಯೇ? ಎಪ್ಪತ್ತರ ಸಂಖ್ಯೆಯನ್ನು ದರದಿಂದ ಭಾಗಿಸಿದರೆ ಅರ್ಧಾಯು ಬರುತ್ತದೆಂಬುದು ತಿಳಿದಿದ್ದರೆ ಮೊದಲನೆಯ ಪ್ರಶ್ನೆಗೆ ಕಾಗದ-ಲೇಖನಿಯೂ ಬೇಕಾಗಿಲ್ಲ.

ಅಳೆಯಬೇಕಾದುದನ್ನು ವಿಜ್ಞಾನಿಗಳೂ ಅರ್ಥಶಾಸ್ತ್ರಜ್ಞರೂ ಇನ್ನೂ ಚೆನ್ನಾಗಿ ಅಳೆಯಲಿ. ಆದರೆ ಇನ್ನೂ ಹುಟ್ಟದವನ ಸಂಕಟಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಯಾವ ಉಪಕರಣವೂ ಅಳೆದು ಹೇಳಲಾರದು. ಅದನ್ನು ನಾವೇ ಗೊತ್ತುಮಾಡಿ ಸಮೀಕರಣದೊಳಗೆ ಇಡಬೇಕು. ಇಟ್ಟಿದ್ದೇವೆಂದು ಬಾಯಿಬಿಟ್ಟು ಹೇಳಲೂ ಬೇಕು. ಹಲಸಿನ ಸಸಿ ನೆಟ್ಟ ರೈತನೂ ಹಾಗೆ ಒಂದು ತೂಕವನ್ನು ಗೊತ್ತುಮಾಡಿಕೊಂಡಿದ್ದನು. ಅವನ ಗೆಳೆಯನೂ ಗೊತ್ತುಮಾಡಿಕೊಂಡಿದ್ದನು. ಆದರೆ ಅದನ್ನು ಬ್ಯಾಂಕಿನ ಬಡ್ಡಿಯೆಂದು ಭಾವಿಸಿದ್ದನು.